ದ್ರೋಹ ಮತ್ತು ಕ್ಷಮೆ ಬಗ್ಗೆ ಒಂದು ಬೈಬಲ್ ಅಧ್ಯಯನ ಕಿಟ್: ಐದರಲ್ಲಿ ಮೂರು ಸ್ಟಾರ್

ನಮ್ಮ ಬೈಬಲ್ ಅಧ್ಯಯನದ ಗುಂಪು ನಡೆಸುವವಳು ನಾನು. ಹಾಗಾಗಿ ಇಂಥ ಕಿಟ್ ಯಾವುದು ಬಂದರೂ ತರಿಸಿ ನೋಡುತ್ತೇನೆ. ಇದರಲ್ಲಿ ಒಂದು ಪುಸ್ತಕ, ಆಡಿಯೋ ಪಾಠಗಳು, ಚರ್ಚೆಗೆ ಪ್ರಶ್ನೆ ಕಾರ್ಡ್‌ಗಳಿವೆ. ಮುದ್ರಣ ಚೆನ್ನಾಗಿದೆ. ಆಡಿಯೋದಲ್ಲಿ ಸಂಗೀತ ಮಾತ್ರ ಜಾಸ್ತಿಯಾಯಿತು. ಪೇತ್ರ ಅಳುವಾಗ ಪಿಟೀಲೂ ಅಳಬೇಕಾ?

ಮೊದಲ ಪಾಠ ಯೇಸುವಿನ ಶಿಷ್ಯರಾದ ಯೂದ ಮತ್ತು ಪೇತ್ರರದು. ಯೂದನನ್ನು ನಾಟಕದ ಖಳನಾಯಕ ಮಾಡಿಲ್ಲ, ಅದು ಇಷ್ಟವಾಯಿತು. ಮತ್ತಾಯನ 27ನೇ ಅಧ್ಯಾಯವನ್ನು ನಿಧಾನವಾಗಿ ಓದಿಸುತ್ತಾರೆ. ಯೂದ ಪಶ್ಚಾತ್ತಾಪಪಟ್ಟು, ಯೇಸುವನ್ನು ಹಿಡಿದುಕೊಡಲು ಪಡೆದಿದ್ದ 30 ಬೆಳ್ಳಿ ನಾಣ್ಯಗಳನ್ನು ಯಾಜಕರಿಗೆ ವಾಪಸ್ ತರುತ್ತಾನೆ, ಪಾಪ ಮಾಡಿದೆ ಎಂದು ಒಪ್ಪಿಕೊಳ್ಳುತ್ತಾನೆ. ಅದು ನಮಗೇನು, ನೀನೇ ನೋಡಿಕೋ ಅನ್ನುತ್ತಾರೆ ಅವರು. ಕೆಲಸ ಮಾಡಿಸಿಕೊಂಡವರು ಕೈಬಿಡುವುದು ಹೀಗೇ ಅಲ್ವಾ? ಅವನು ದುಡ್ಡನ್ನು ದೇವಾಲಯದಲ್ಲಿ ಎಸೆದು ಹೋಗಿ ಪ್ರಾಣ ಕಳೆದುಕೊಳ್ಳುತ್ತಾನೆ. ಆಗ ಯಾಜಕರಿಗೆ ಮಡಿ ನೆನಪಾಗುತ್ತದೆ. ರಕ್ತದ ದುಡ್ಡು ಕಾಣಿಕೆ ಪೆಟ್ಟಿಗೆಗೆ ಬೀಳಬಾರದಂತೆ! ಅದರಲ್ಲಿ ಕುಂಬಾರನ ಹೊಲ ಕೊಳ್ಳುತ್ತಾರೆ. ಅಪೊಸ್ತಲರ ಕೃತ್ಯಗಳಲ್ಲಿ ಯೂದನ ಸಾವಿನ ಕಥೆ ಬೇರೆ ಥರ ಇದೆ ಎಂಬುದನ್ನೂ ಪುಸ್ತಕ ಮುಚ್ಚಿಟ್ಟಿಲ್ಲ.

ಪೇತ್ರನ ಕಾರ್ಡ್ ಬೆಂಕಿಯ ಬಗ್ಗೆ. ಅವನು ಯೇಸುವನ್ನು ಅರಿಯೆ ಅಂದದ್ದು ಮಹಾಯಾಜಕನ ಅಂಗಳದಲ್ಲಿ, ಇದ್ದಲ ಬೆಂಕಿ ಕಾಯಿಸಿಕೊಳ್ಳುವಾಗ. ಯೋಹಾನನ 21ನೇ ಅಧ್ಯಾಯದಲ್ಲಿ, ತಿಬೇರಿಯ ಸಮುದ್ರದ ದಡದಲ್ಲೂ ಇದ್ದಲ ಬೆಂಕಿಯೇ, ಮೇಲೆ ಮೀನು. ಊಟ ಮುಗಿದ ಮೇಲೆ, ನನ್ನನ್ನು ಪ್ರೀತಿಸುತ್ತೀಯಾ ಎಂದು, ಮೂರು ಸಲ ಅರಿಯೆ ಅಂದಿದ್ದವನಿಗೆ ಸತ್ತು ಎದ್ದುಬಂದ ಯೇಸುವಿನಿಂದ ಮೂರು ಸಲ ಪ್ರಶ್ನೆ. ಮೂರನೇ ಸಲಕ್ಕೆ ಪೇತ್ರನಿಗೆ ನೋವಾಗುತ್ತದೆ. ಹೋಗಲಿ ಬಿಡು ಅಂತ ಯೇಸು ಅಲ್ಲಿ ತೇಲಿಸಿಬಿಡಲಿಲ್ಲ, ನೋಡಿ.

ಎರಡನೆಯದು, ಯೇಸುವಿಗೆ ಮರಣದಂಡನೆ ಕೊಟ್ಟ ರೋಮನ್ ಅಧಿಪತಿ ಪಿಲಾತ ಕೈ ತೊಳೆದ ಪಾಠ, ಸಾಧಾರಣ. ಹೇಳುವಂಥದ್ದೇನಿಲ್ಲ.

ಮೂರನೆಯದು ಈ ಕಿಟ್‌ನ ಜೀವ. 250ರಲ್ಲಿ ರೋಮ್ ಚಕ್ರವರ್ತಿ ಡೇಸಿಯಸ್ ಎಲ್ಲರೂ ದೇವತೆಗಳಿಗೆ ಬಲಿ ಕೊಟ್ಟು ಸರ್ಟಿಫಿಕೇಟ್ ಪಡೆಯಬೇಕೆಂದು ಆಜ್ಞೆ ಮಾಡಿದ. ಈಜಿಪ್ಟಿನಲ್ಲಿ ಸಿಕ್ಕ ಅಂಥ ಪಪೈರಸ್ ಚೀಟಿಗಳು ಇವತ್ತಿಗೂ ಇವೆ. ನಾನು ಯಾವಾಗಲೂ ಬಲಿ ಕೊಡುತ್ತಾ ಬಂದಿದ್ದೇನೆ, ಈಗ ನಿಮ್ಮೆದುರೇ ಕೊಟ್ಟೆ ಅಂತ ಅರ್ಜಿ, ಕೆಳಗೆ ಅಧಿಕಾರಿಗಳ ಸಹಿ. ಎಷ್ಟೋ ಕ್ರೈಸ್ತರು ಹೆದರಿ ಬಲಿ ಕೊಟ್ಟರು. ಕೆಲವರು ಬಲಿ ಕೊಡದೆ, ಸುಮ್ನೆ ದುಡ್ಡು ಕೊಟ್ಟು ಚೀಟಿ ಮಾಡಿಸಿಕೊಂಡರು. ಹಿಂಸೆ ತಣ್ಣಗಾದ ಮೇಲೆ ಇವರೆಲ್ಲ ಕ್ರೈಸ್ತ ಸಭೆಯ ಬಾಗಿಲಿಗೆ ಬಂದು ನಿಂತರು. ಸೇರಿಸಿಕೊಳ್ಳಲೇಬಾರದು ಅಂದ ರೋಮಿನ ಪಾದ್ರಿ ನೊವೇಶಿಯನ್. ಉತ್ತರ ಆಫ್ರಿಕಾದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಒಪ್ಪಲಿಲ್ಲ. 251ರ ಕಾರ್ಥೇಜ್ ಸಭಾಕೂಟ ಚೀಟಿ ಕೊಂಡವರನ್ನು ಒಬ್ಬೊಬ್ಬರಾಗಿ ವಿಚಾರಿಸಿ ಸೇರಿಸಿಕೊಂಡಿತು. ಬಲಿ ಕೊಟ್ಟವರಿಗೆ ದೀರ್ಘ ಪ್ರಾಯಶ್ಚಿತ್ತ ಹಾಕಿತು. ಸಿಪ್ರಿಯನ್ ತಾನೇ ಹಿಂಸೆಯ ಕಾಲದಲ್ಲಿ ಅಡಗಿ ಕೂತಿದ್ದವನು ಎಂಬುದನ್ನೂ ಕಾರ್ಡ್ ಮರೆಸಿಲ್ಲ. ಚೀಟಿ ಕೊಂಡವನು ದ್ರೋಹಿಯೋ ಜಾಣನೋ ಅನ್ನುವ ಪ್ರಶ್ನೆಗೆ ನಮ್ಮ ಗುಂಪು ಕಿತ್ತಾಡಿಕೊಂಡಿತು. ಒಳ್ಳೆಯ ಜಗಳ.

ಇಷ್ಟು ಮಾಡಿದವರು ಕೊನೆಯ ಪಾಠದಲ್ಲಿ ಹೀಗೇಕೆ ಅವಸರ ಮಾಡಿದರೋ! ನಿಮಗೆ ಮೋಸ ಮಾಡಿದವರ ಹೆಸರು ಕಾರ್ಡಿನ ಮೇಲೆ ಬರೆಯಿರಿ, ಕ್ಷಮಿಸಿದ್ದೇನೆ ಎಂದು ಗಟ್ಟಿಯಾಗಿ ಓದಿ, ಹರಿದು ಹಾಕಿ. ಅಷ್ಟೇ. ನಮ್ಮಲ್ಲೊಬ್ಬರಿಗೆ ಒಡಹುಟ್ಟಿದ ಅಣ್ಣನೇ ಸುಳ್ಳು ಸಹಿ ಹಾಕಿ ಮೋಸ ಮಾಡಿದ್ದಾನೆ. ಅವರು ಪೆನ್ನು ಕೆಳಗಿಟ್ಟು, "ಅಕ್ಕಾ, ಅವನು ತಪ್ಪಾಯ್ತು ಅಂತ ಇನ್ನೂ ಅಂದೇ ಇಲ್ಲ. ನಾನು ಏನನ್ನ ಕ್ಷಮಿಸಲಿ?" ಎಂದರು. ಮುನ್ನಡೆಸುವವರ ಪುಸ್ತಕ ತೆರೆದೆ. ಕಹಿಯನ್ನು ಬಿಡುವಂತೆ ಪ್ರೋತ್ಸಾಹಿಸಿ ಎಂದಿತ್ತು. ಸಿಟ್ಟು ಬಂತು ನನಗೆ.

ಏಳೆಪ್ಪತ್ತು ಸಾರಿ ಕ್ಷಮಿಸು ಎಂಬ ಯೇಸುವಿನ ಮಾತು (ಮತ್ತಾಯ 18) ಈ ಪಾಠದಲ್ಲಿ ಎಲ್ಲೆಲ್ಲೂ ಇದೆ. ಅದೇ ಅಧ್ಯಾಯದಲ್ಲಿ, ಅದಕ್ಕಿಂತ ಮುಂಚೆ, ತಪ್ಪು ಮಾಡಿದ ಸಹೋದರನ ಹತ್ತಿರ ಹೋಗಿ ತಪ್ಪನ್ನು ತಿಳಿಸು ಎಂದಿರುವುದು ಇಲ್ಲ. ತಪ್ಪು ಮಾಡಿದರೆ ಗದರಿಸು, ಪಶ್ಚಾತ್ತಾಪಪಟ್ಟರೆ ಕ್ಷಮಿಸು ಅನ್ನುವ ಲೂಕ 17:3 ಇಲ್ಲ. ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದ, ಲೂಕ 19ರ ಸುಂಕದವ ಜಕ್ಕಾಯನಂತೂ ಪತ್ತೆಯೇ ಇಲ್ಲ. ಚೀಟಿ ಕೊಂಡವರನ್ನು ಒಬ್ಬೊಬ್ಬರಾಗಿ ವಿಚಾರಿಸಿದ ಕಥೆ ಹೇಳಿದ ಇದೇ ಪುಸ್ತಕ, ಮೋಸ ಹೋದವರನ್ನು ಮಾತ್ರ ಏನೂ ವಿಚಾರಿಸುವುದಿಲ್ಲ. ಅವರು ಕಣ್ಣೊರೆಸಿಕೊಂಡು ಕಾರ್ಡ್ ಹರಿಯಬೇಕು.

ಕಿಟ್ ಕೊಳ್ಳಬಹುದಾ? ಮೂರನೇ ಪಾಠಕ್ಕಾದರೂ ಕೊಳ್ಳಿ. ಕೊನೆಯ ಪಾಠದ ಕಾರ್ಡ್‌ಗಳನ್ನು ಪಕ್ಕಕ್ಕಿಟ್ಟು, ಆ ದಿನ ಲೂಕ 17 ಮತ್ತು 19 ಓದಿ. ಗುಂಪಿನಲ್ಲಿ ಮನೆಯ ಹೊಡೆತ ಬಡಿತದಿಂದ ತಪ್ಪಿಸಿಕೊಂಡು ಬಂದವರಿದ್ದರೆ ಹೆಸರು ಬರೆದು ಓದಿಸುವ ಆಟವನ್ನು ದಯವಿಟ್ಟು ಆಡಿಸಬೇಡಿ.