ಫೋನು, ವಾಚು, ಡಬ್ಬಿ: ಸಿಂಹಗಡದ ಏರಿನಲ್ಲಿ ಮೂರರ ಪರೀಕ್ಷೆ

ಪುಣೆ ಹತ್ತಿರದ ಸಿಂಹಗಡ ಕೋಟೆಗೆ ಹೋಗಿ ಬಂದ ಮೇಲೆ ಮೂರನ್ನೂ ಊಟದ ಟೇಬಲ್ ಮೇಲೆ ಸಾಲಾಗಿ ಇಟ್ಟೆ. ಫೋನು 51.6 ಕಿಲೋಮೀಟರ್ ಅಂತಿತ್ತು. ವಾಚು 50.9. ಹ್ಯಾಂಡಲ್ ಮೇಲಿನ ಪುಟ್ಟ ಜಿಪಿಎಸ್ ಡಬ್ಬಿ 52.3. ಹೋದದ್ದು ನಾನೊಬ್ಬನೇ, ಒಂದೇ ಸೈಕಲ್ ಮೇಲೆ. ಹೆಂಡತಿ ನೋಡಿ, "ಬೆವರು ಎಷ್ಟು ಲೀಟರ್ ಹೋತು ಅಂತ ಯಾವುದು ಹೇಳ್ತೈತ್ರಿ?" ಅಂದಳು.

ನಮ್ಮೂರು ಧಾರವಾಡ, ಈಗಿರುವುದು ಪುಣೆಯ ಸಿಂಹಗಡ ರಸ್ತೆಯಲ್ಲಿ. ಭಾನುವಾರ ಬೆಳಗ್ಗೆ ಐದೂವರೆಗೆ ಹೊರಟರೆ ಖಡಕ್‌ವಾಸ್ಲಾ ಅಣೆಕಟ್ಟಿನ ಹತ್ತಿರ ಬೆಳಕು ಹರಿಯುತ್ತದೆ. ಆಮೇಲೆ ಘಾಟ್. ಸುಮಾರು 9 ಕಿಲೋಮೀಟರ್ ದಾರಿಯಲ್ಲಿ 600 ಮೀಟರ್‌ನಷ್ಟು ಮೇಲೇರಬೇಕು. ಐದು ಭಾನುವಾರ ಮೂರನ್ನೂ ಒಟ್ಟಿಗೆ ಹೊತ್ತುಕೊಂಡು ಹೋದೆ. ನೋಡಿದವರು ಇವನೇನು ಅಂಗಡಿ ಇಡಲು ಹೊರಟಿದ್ದಾನಾ ಅಂದುಕೊಂಡಿರಬೇಕು.

ಮೊದಲು ದೂರದ ಲೆಕ್ಕ. ಯಾವುದು ಸರಿ ಅಂತ ಹೇಳಲು ಒಂದು ಅಳತೆಗೋಲು ಬೇಕಲ್ಲ. ಟೈರಿಗೆ ಸೀಮೆಸುಣ್ಣದ ಗೆರೆ ಎಳೆದೆ. ಪಾರ್ಕಿಂಗಿನಲ್ಲಿ ಸೀಟಿನ ಮೇಲೆ ಕೂತೇ ಒಂದು ಸುತ್ತು ಉರುಳಿಸಿ, ಟೇಪಿನಲ್ಲಿ ಅಳೆದೆ. 2,130 ಮಿಲಿಮೀಟರ್ ಬಂತು. ಚಕ್ರದ ಸೆನ್ಸರ್‌ಗೆ ಆ ಅಂಕಿ ಕೊಟ್ಟರೆ ಅದು ಬರೀ ಸುತ್ತು ಎಣಿಸುತ್ತದೆ, ಆಕಾಶದ ಹಂಗಿಲ್ಲ. ಡಬ್ಬಿ ಆ ಸೆನ್ಸರ್ ಮಾತು ಕೇಳುತ್ತಿತ್ತು, ಅದಕ್ಕೇ 52.3. ಉಳಿದೆರಡು ಉಪಗ್ರಹವನ್ನೇ ನಂಬಿದ್ದವು.

ವಾಚು ಯಾಕೆ ಅಷ್ಟು ಕಡಿಮೆ ತೋರಿಸಿತು? ಬ್ಯಾಟರಿ ಉಳಿಸಲು ಅದು ಪ್ರತಿ ಸೆಕೆಂಡಿಗೂ ಗುರುತು ಹಾಕುವುದಿಲ್ಲ, ಆಗಾಗ ಹಾಕುತ್ತದೆ. ಇಳಿಯುವಾಗ ಗಂಟೆಗೆ 36 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 10 ಮೀಟರ್. ಐದು ಸೆಕೆಂಡಿಗೊಂದು ಗುರುತು ಹಾಕಿದರೆ ನಡುವೆ 50 ಮೀಟರ್ ಖಾಲಿ. ಸಿಂಹಗಡದ ಹೇರ್‌ಪಿನ್ ತಿರುವು ಅಷ್ಟರೊಳಗೇ ಮುಗಿದಿರುತ್ತದೆ. ವಾಚು ತಿರುವನ್ನು ಬಿಟ್ಟು ಎರಡು ಗುರುತಿನ ನಡುವೆ ನೇರ ಗೆರೆ ಎಳೆಯುತ್ತದೆ. ನಕ್ಷೆಯಲ್ಲಿ ನಾನು ಕಣಿವೆಯ ಮೇಲೆ ಹಾರಿದ ಹಾಗಿತ್ತು! ಸೆಟ್ಟಿಂಗ್‌ನಲ್ಲಿ ಪ್ರತಿ ಸೆಕೆಂಡ್ ಅಂತ ಬದಲಿಸಿದ ಮೇಲೆ ತಪ್ಪು ಅರ್ಧಕ್ಕಿಂತ ಕಡಿಮೆಯಾಯಿತು. ವಾಚು ಕೊಂಡವರು ಮೊದಲು ಮಾಡಬೇಕಾದ ಕೆಲಸ ಇದು.

ಎತ್ತರದ ವಿಷಯದಲ್ಲಿ ಮಜಾ ಜಾಸ್ತಿ. ಒಟ್ಟು ಏರಿದ್ದು ಫೋನಿನ ಪ್ರಕಾರ 940 ಮೀಟರ್, ವಾಚಿನ ಪ್ರಕಾರ 812, ಡಬ್ಬಿಯ ಪ್ರಕಾರ 790. ಉಪಗ್ರಹಗಳೆಲ್ಲ ನಮ್ಮ ತಲೆಯ ಮೇಲಿವೆ, ಕಾಲ ಕೆಳಗೆ ಒಂದೂ ಇಲ್ಲ ಅಲ್ವಾ? ಹಾಗಾಗಿ ಎಡಬಲಕ್ಕಿಂತ ಮೇಲೆ ಕೆಳಗಿನ ಅಳತೆ ಯಾವಾಗಲೂ ಸಡಿಲ. ಜೊತೆಗೆ ಒಂದು ಮಗ್ಗುಲಲ್ಲಿ ಗುಡ್ಡ ಅಡ್ಡ ನಿಂತರೆ ಅರ್ಧ ಆಕಾಶ ಹೋಯಿತು. ಬಂಡೆಗೆ ಬಡಿದು ಬಂದ ಸಂಕೇತವೂ ಸೇರಿಕೊಳ್ಳುತ್ತದೆ. ಅಂಕಿ ಐದು ಮೀಟರ್ ಮೇಲೆ, ಐದು ಮೀಟರ್ ಕೆಳಗೆ ಅಂತ ಕುಣಿಯುತ್ತದೆ. ಫೋನಿನ ಆ್ಯಪ್ ಮೇಲಕ್ಕೆ ಕುಣಿದದ್ದನ್ನೆಲ್ಲ ಏರಿಕೆಯ ಲೆಕ್ಕಕ್ಕೆ ಹಾಕಿಕೊಂಡಿತ್ತು. ಚಹಾಕ್ಕೆ ನಿಂತಾಗಲೂ ನಾನು ಬೆಟ್ಟ ಹತ್ತುತ್ತಲೇ ಇದ್ದೆ.

ಡಬ್ಬಿಯಲ್ಲೂ ವಾಚಿನಲ್ಲೂ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಇದೆ. ಎಂಟೊಂಬತ್ತು ಮೀಟರ್ ಮೇಲೇರಿದರೆ ಒತ್ತಡ 1 ಹೆಕ್ಟೊಪ್ಯಾಸ್ಕಲ್ ಇಳಿಯುತ್ತದೆ. ಸಣ್ಣ ಏರನ್ನೂ ಅದು ಹಿಡಿಯುತ್ತದೆ. ಕೆಲವು ಫೋನುಗಳಲ್ಲೂ ಇರುತ್ತದೆ, ನನ್ನದರಲ್ಲಿ ಇಲ್ಲ. ಆದರೆ ಬ್ಯಾರೋಮೀಟರ್‌ನ ಸಣ್ಣ ತೂತಿಗೆ ಮಳೆನೀರು ಹೊಕ್ಕರೆ ಕಥೆ ಮುಗಿಯಿತು. ಜುಲೈ ಮಳೆಯಲ್ಲಿ ಒಮ್ಮೆ ಘಾಟ್ ಇಳಿಯುವಾಗ ಬ್ರೇಕ್ ಒತ್ತಿ ಒತ್ತಿ ಬೆರಳು ಮರಗಟ್ಟಿದ್ದವು. ಡಬ್ಬಿ ಮಾತ್ರ ಶೇಕಡಾ 6ರ ಏರು ಅಂತ ಹೇಳುತ್ತಿತ್ತು. ಮನೆಗೆ ಬಂದು ಫ್ಯಾನಿನ ಕೆಳಗೆ ಇಟ್ಟ ಮೇಲೆ ಸರಿಹೋಯಿತು.

ಅದೇ ಮಳೆಯಲ್ಲಿ ಫೋನಿನ ಗತಿ ಇನ್ನೂ ಕೆಟ್ಟದಾಯಿತು. ಹನಿ ಬಿದ್ದಲ್ಲೆಲ್ಲ ಬೆರಳು ಇಟ್ಟ ಹಾಗೆ. ನಕ್ಷೆ ತಾನೇ ಸರಿಯಿತು, ರೈಡ್ ತಾನೇ ನಿಂತಿತು, ಹೆಂಡತಿಯ ತಮ್ಮನಿಗೆ ಕಾಲ್ ಕೂಡ ಹೋಯಿತು. ಬೇಸಿಗೆಯಲ್ಲೋ ಬಿಸಿಲಿಗೆ ಪರದೆ ಕಾಣದು. ಬೆಳಕು ಹೆಚ್ಚಿಸಿದರೆ ಮೂರು ಗಂಟೆಯಲ್ಲಿ ಚಾರ್ಜ್ ಖಾಲಿ. ಡಬ್ಬಿಯ ಪರದೆ ಬಿಸಿಲನ್ನೇ ಬಳಸಿಕೊಂಡು ಹೊಳೆಯುವ ಜಾತಿಯದು, ಮಧ್ಯಾಹ್ನ ಇನ್ನೂ ಚೆಂದ ಕಾಣುತ್ತದೆ. ಗುಂಡಿ ಒತ್ತುವ ಮಾದರಿಯಾದರೆ ಗ್ಲೌಸ್ ಹಾಕಿದ ಕೈಗೂ, ಮಳೆಗೂ ಹೊಂದುತ್ತದೆ. ಮೋಟಾರ್‌ಸೈಕಲ್ ಇಂಜಿನ್ನಿನ ನಡುಕಕ್ಕೆ ಐಫೋನ್ ಕ್ಯಾಮೆರಾ ಹಾಳಾಗಬಹುದು ಅಂತ ಆಪಲ್ 2021ರಲ್ಲಿ ಎಚ್ಚರಿಸಿತ್ತು. ಸೈಕಲ್‌ಗೆ ಇಂಜಿನ್ ಇಲ್ಲ ನಿಜ, ಆದರೆ ನಮ್ಮ ರಸ್ತೆಯ ಗುಂಡಿಗಳಿವೆ.

ಫೋನಿನ ಪರವಾಗಿಯೂ ಒಂದು ಮಾತು. ದಾರಿ ಹುಡುಕುವುದರಲ್ಲಿ ಅದನ್ನು ಮೀರಿಸುವವರಿಲ್ಲ. ದೊಡ್ಡ ನಕ್ಷೆ, ಹೆಸರು ಟೈಪ್ ಮಾಡಿದರೆ ಸಾಕು. ಡಬ್ಬಿಗೆ ಮನೆಯಲ್ಲೇ ಕೂತು ದಾರಿಯ ಗುರುತುಗಳಿರುವ ಜಿಪಿಎಕ್ಸ್ ಫೈಲ್ ತುಂಬಬೇಕು. ಇನ್ನು ಈಗಿನ ಎಷ್ಟೋ ಫೋನುಗಳು ಜಿಪಿಎಸ್ ಜೊತೆಗೆ ನಮ್ಮ ಇಸ್ರೋದ ನಾವಿಕ್ ಉಪಗ್ರಹಗಳ ಸಂಕೇತವನ್ನೂ ಹಿಡಿಯುತ್ತವೆ. ಅದರ ನ್ಯಾವಿಗೇಷನ್ ಕೇಂದ್ರ ಇರುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ. ಮರಾಠಿ ಗೆಳೆಯರ ಮುಂದೆ ಇದನ್ನು ನಾನು ಸುಮ್ನೆ ಎರಡು ಸಲ ಹೇಳುತ್ತೇನೆ.

ತರಬೇತಿಗೆ ಅಂತ ನೋಡಿದರೆ ಲೆಕ್ಕವೇ ಬೇರೆ. ಬೋಪ್‌ದೇವ್ ಘಾಟ್‌ನಲ್ಲಿ ನಾಲ್ಕು ನಿಮಿಷ ಜೋರು, ಮೂರು ನಿಮಿಷ ನಿಧಾನ ಅಂತ ಐದು ಸಲ ಮಾಡುವಾಗ ನಾನು ಎಲ್ಲಿದ್ದೇನೆ ಅನ್ನುವುದು ಯಾರಿಗೆ ಬೇಕು? ಎದೆ ಎಷ್ಟು ಹೊಡೆದುಕೊಳ್ಳುತ್ತಿದೆ, ಇನ್ನು ಎಷ್ಟು ಸೆಕೆಂಡ್ ಉಳಿದಿದೆ, ಇಷ್ಟೇ ಬೇಕು. ಅದೂ ತಲೆ ಬಗ್ಗಿಸಿದರೆ ಕಾಣಬೇಕು. ವಾಚು ಸೋತದ್ದು ಇಲ್ಲೇ. ಏರಿನಲ್ಲಿ ಹ್ಯಾಂಡಲ್ ಬಿಗಿಯಾಗಿ ಹಿಡಿದಾಗ ಮಣಿಕಟ್ಟು ತಿರುಗಿಸಿ ನೋಡುವುದು ಅಪಾಯ. ಮೇಲಾಗಿ ಮಣಿಕಟ್ಟು ಮಡಚಿ, ರಸ್ತೆಯ ಗುಂಡಿಗಳಲ್ಲಿ ಕೈ ಕುಲುಕಿದರೆ ಅದರ ಹಸಿರು ದೀಪ ನಾಡಿಯನ್ನು ತಪ್ಪಾಗಿ ಓದುತ್ತದೆ. ಎದೆಗೆ ಕಟ್ಟಿ ಎದೆಬಡಿತ ಎಣಿಸುವ ಪಟ್ಟಿ 168 ಅಂದಾಗ ವಾಚು 131 ಅಂತಿತ್ತು. ಅದನ್ನು ನಂಬಿ ಇನ್ನೂ ಜೋರು ತುಳಿದಿದ್ದರೆ ಗೊತ್ತಾಗುತ್ತಿತ್ತು. ಓಡಲು, ಈಜಲು ವಾಚೇ ಸರಿ. ಸೈಕಲ್ ಒಂದೇ ಆದರೆ ಅದಕ್ಕೆ ದುಡ್ಡು ಹಾಕಬೇಡಿ.

ನಮ್ಮ ಓಣಿಯಲ್ಲಿ ಬೆಳಗಾವಿಯ ಕಾಕಾ ಒಬ್ಬರಿದ್ದಾರೆ. ಗೇರ್ ಇಲ್ಲದ ಹಳೇ ಸೈಕಲ್, ಯಾವ ಡಬ್ಬಿಯೂ ಇಲ್ಲ. ಗಡದ ಮೇಲೆ ಪಿಠಲೆ ಭಾಕರಿ ತಿನ್ನುತ್ತಾ ಕೇಳಿದರು, "ಏನಪಾ, ಎಷ್ಟು ಎತ್ತರ ಬಂದೀವಿ ಅಂತೈತಿ ನಿನ್ನ ಡಬ್ಬಿ?"

"1,262 ಅಂತೈತ್ರಿ ಕಾಕಾ. ಫೋನು 1,238 ಅಂತೈತಿ."

"ನನಗ ಬರೇ ಹಸಿವ್ಯಾಗೈತಿ. ಮೊಸರು ಹೇಳು."

ಮಣ್ಣಿನ ಕುಡಿಕೆಯ ಮೊಸರು ಎರಡು ಹೇಳಿದೆ.

ಈಗ ಹ್ಯಾಂಡಲ್ ಮೇಲೆ ಡಬ್ಬಿ, ಎದೆಗೆ ಪಟ್ಟಿ, ಬೆನ್ನಿನ ಜೇಬಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಫೋನು. ಫೋನು ಮನೆಯವರಿಗೆ ನಾನೆಲ್ಲಿದ್ದೇನೆ ಅಂತ ತೋರಿಸಲು, ಪಂಕ್ಚರ್ ಆದಾಗ ಕರೆಯಲು. ವಾಚು ಮಗಳ ಕೈಗೆ ಹೋಗಿದೆ, ಅವಳು ಓಡುತ್ತಾಳೆ. ಮುಂದಿನ ತಿಂಗಳು 200 ಕಿಲೋಮೀಟರ್ ಬ್ರೆವೆ ಇದೆ, ಅಂದರೆ ಗಡುವಿನೊಳಗೆ ಮುಗಿಸುವ ದೂರದ ಸೈಕಲ್ ಸವಾರಿ, ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ದಾರಿಯನ್ನು ಡಬ್ಬಿಗೆ ತುಂಬಿದ್ದೇನೆ. ತಿರುವುಗಳನ್ನು ಒಂದು ಚೀಟಿಯಲ್ಲೂ ಬರೆದುಕೊಂಡಿದ್ದೇನೆ.