ಗುಂಯ್‌ಗುಡುವ ಕೋಣೆಗೆ ರೂಮ್ ಈಕ್ಯೂ ವಿಝರ್ಡ್: ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ

ಬಾಸ್‌ನ ಒಂದು ಸ್ವರ ಮಾತ್ರ ಗುಂಯ್ ಎಂದು ಕೋಣೆ ತುಂಬಿ, ಅದರ ಪಕ್ಕದ ಸ್ವರ ಕೇಳಿಸದೇ ಹೋದರೆ ಸ್ಪೀಕರನ್ನು ಬೈಯಬೇಡಿ, ಅದು ಗೋಡೆಗಳ ಕೆಲಸ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಕೋಣೆ ಮೊರೆಯುವ ಸ್ವರ ಸಿಗುತ್ತದೆ: 4 ಮೀಟರ್ ಕೋಣೆಗೆ 43 ಹರ್ಟ್ಜ್, ಆಮೇಲೆ 86. ಈ ಮೊರೆತವನ್ನು ಅಳೆದು ಗೆರೆಯಲ್ಲಿ ತೋರಿಸುವ ತಂತ್ರಾಂಶ ರೂಮ್ ಈಕ್ಯೂ ವಿಝರ್ಡ್. ಪುಕ್ಕಟೆ ಸಿಗುತ್ತದೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ.

ದುಡ್ಡು ಹಾಕಬೇಕಾದ್ದು ಮೈಕ್‌ಗೆ. ಹೆಡ್‌ಸೆಟ್ ಮೈಕ್ ಬೇಡ. ನಮಗೆ ಬೇಕಾದ ಬಾಸನ್ನೇ ಕತ್ತರಿಸಿ ಕೊಡುವುದು ಅದರ ಸ್ವಭಾವ. ಯೂಮಿಕ್-1 ತರಹದ ಯುಎಸ್‌ಬಿ ಮೈಕ್ ಸಾಕು. ಅದರ ಸೀರಿಯಲ್ ನಂಬರ್ ಕೊಟ್ಟರೆ ಆ ಮೈಕಿನ ತಪ್ಪನ್ನು ಸರಿದೂಗಿಸುವ ಕ್ಯಾಲಿಬ್ರೇಷನ್ ಫೈಲ್ ಸಿಗುತ್ತದೆ, ಅದನ್ನು ಲೋಡ್ ಮಾಡದೆ ಅಳೆಯಬೇಡಿ. ಮೈಕನ್ನು ಕೂರುವ ಜಾಗದಲ್ಲಿ, ಕಿವಿಯ ಎತ್ತರಕ್ಕೆ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಸೋಫಾದ ಬೆನ್ನಿಗೆ ಒರಗಿಸಿದರೆ ಲೆಕ್ಕ ಕೆಡುತ್ತದೆ. ಫ್ಯಾನ್ ಆರಿಸಿ, ಸುಮಾರು 75 ಡಿಬಿ (ಡೆಸಿಬೆಲ್) ಮಟ್ಟದಲ್ಲಿ 20ರಿಂದ 300 ಹರ್ಟ್ಜ್‌ವರೆಗೆ ಸ್ವೀಪ್ (ಕೆಳಗಿನಿಂದ ಮೇಲಕ್ಕೆ ಜಾರುವ ಸ್ವರ) ಕೊಡಿ. ಎಡ, ಬಲ ಬೇರೆಬೇರೆ, ಆಮೇಲೆ ಎರಡೂ ಒಟ್ಟಿಗೆ. ಗೆರೆಯನ್ನು ನಯ ಮಾಡುವ ಸ್ಮೂದಿಂಗ್ ಹಾಕಬೇಡಿ, ಹಾಕಿದರೆ ಕೋಣೆ ಎಷ್ಟು ಕೆಟ್ಟದ್ದೆಂಬುದು ಮುಚ್ಚಿಹೋಗುತ್ತದೆ.

ತಂತ್ರಾಂಶದ ಅಸಲಿ ಬಲ, ಯಾವ ಸ್ವರ ಎಷ್ಟು ಹೊತ್ತು ಉಳಿಯುತ್ತದೆಂದು ತೋರಿಸುವ ವಾಟರ್‌ಫಾಲ್ ಚಿತ್ರದಲ್ಲಿದೆ. 43ರ ಹತ್ತಿರ ಉಳಿದದ್ದೆಲ್ಲ ಇಳಿದ ಮೇಲೂ ಒಂದು ದಿಣ್ಣೆ ಬಾಲದಂತೆ ಮುಂದಕ್ಕೆ ಚಾಚಿರುತ್ತದಲ್ಲ, ಕಿವಿಗೆ ಕಿರಿಕಿರಿ ಮಾಡುತ್ತಿದ್ದದ್ದು ಅದೇ.

ದಾರಿ ತಪ್ಪುವುದು ಈಕ್ಯೂ (ಈಕ್ವಲೈಸರ್) ಕಿಟಕಿಯಲ್ಲಿ. ಆಯ್ದ ಸ್ವರಗಳನ್ನು ಏರಿಸುವ, ಇಳಿಸುವ ಫಿಲ್ಟರ್‌ಗಳನ್ನು ತಾನೇ ಹೊಂದಿಸುವ ಬಟನ್ ಅಲ್ಲಿದೆ. ಬೂಸ್ಟ್‌ಗೆ (ಏರಿಕೆಗೆ) ಮಿತಿ ಹಾಕದೆ ಒತ್ತಿದರೆ ಗೆರೆಯಲ್ಲಿ ಸದ್ದು ಕುಸಿದಿರುವ ಗುಂಡಿಗಳನ್ನೂ ತುಂಬಲು ಹೊರಡುತ್ತದೆ. ಸ್ಪೀಕರ್ ಹಿಂದಿನ ಗೋಡೆಯಿಂದ 1.2 ಮೀಟರ್ ದೂರದಲ್ಲಿದ್ದರೆ ಗೋಡೆಗೆ ಬಡಿದು ಮರಳಿದ ಅಲೆ 70 ಹರ್ಟ್ಜ್ ಆಸುಪಾಸು ನೇರ ಅಲೆಯನ್ನು ತಿಂದುಹಾಕುತ್ತದೆ. ಅಲ್ಲಿ 6 ಡಿಬಿ ಏರಿಸಿದರೆ ಆಂಪ್ಲಿಫೈಯರ್ ನಾಲ್ಕು ಪಟ್ಟು ಪವರ್ ಕೊಡಬೇಕು, ಮರಳುವ ಅಲೆಯೂ ಅಷ್ಟೇ ಏರುತ್ತದೆ, ಗುಂಡಿ ಗುಂಡಿಯಾಗಿಯೇ ಉಳಿಯುತ್ತದೆ. ಹಾಗಾಗಿ ಮ್ಯಾಕ್ಸ್ ಬೂಸ್ಟ್ ಎರಡನ್ನೂ (ಒಂದೊಂದು ಫಿಲ್ಟರಿನದು, ಒಟ್ಟಾರೆಯದು) ಸೊನ್ನೆಗೆ ಇಳಿಸಿ, ಫಿಲ್ಟರ್ ಹಾಕುವ ವ್ಯಾಪ್ತಿಯಾದ ಮ್ಯಾಚ್ ರೇಂಜನ್ನು 200 ಹರ್ಟ್ಜ್‌ಗೆ ನಿಲ್ಲಿಸಿ. ಉದಾಹರಣೆಗೆ 43ರಲ್ಲಿ 8 ಡಿಬಿ ಇಳಿಕೆ, ಕ್ಯೂ (ಫಿಲ್ಟರ್ ಎಷ್ಟು ಕಿರಿದೆಂಬ ಅಳತೆ) 6. ಇಂಥ ಎರಡು ಮೂರು ಫಿಲ್ಟರ್ ಸಾಕು. ಗುಂಡಿಗೆ ಮದ್ದು ಸ್ಪೀಕರನ್ನೋ ಕುರ್ಚಿಯನ್ನೋ 30–40 ಸೆಂ.ಮೀ. ಸರಿಸಿ ಮತ್ತೆ ಅಳೆಯುವುದು. ಬೆನ್ನು ಗೋಡೆಗೆ ತಾಗುವಂತೆ ಕೂತರೆ ಉದ್ದದ ಮೊರೆತಗಳೆಲ್ಲ ಅಲ್ಲೇ ಜೋರು; ನಟ್ಟನಡುವೆ ಕೂತರೆ 43 ಮಾಯ. 4 ಮೀಟರ್‌ನಲ್ಲಿ ಒಂದು ಗೋಡೆಯಿಂದ 1.5 ಮೀಟರ್ ಆಸುಪಾಸಿನಿಂದ ಶುರು ಮಾಡಿ. ಸೋಫಾ ಎತ್ತುವ ಮೊದಲು ಇದರೊಳಗಿನ ರೂಮ್ ಸಿಮ್ಯುಲೇಟರ್‌ನಲ್ಲಿ ಎಳೆದು ನೋಡಬಹುದು, ಸೊಂಟಕ್ಕೆ ಒಳ್ಳೆಯದು.

ವಿಂಡೋಸ್‌ನಲ್ಲಿ ಫಿಲ್ಟರ್ ಓಡಿಸಲು ಈಕ್ವಲೈಸರ್ ಎಪಿಒ, ಅದೂ ಪುಕ್ಕಟೆ. ಆದರೆ ಪ್ಲೇಯರ್ ವಾಸಾಪಿ ಎಕ್ಸ್‌ಕ್ಲೂಸಿವ್ ಅಥವಾ ಆಸಿಯೊ ಮೋಡ್‌ನಲ್ಲಿದ್ದರೆ (ವಿಂಡೋಸ್‌ನ ಮಿಕ್ಸರ್ ಬಿಟ್ಟು ನೇರ ಸೌಂಡ್ ಕಾರ್ಡಿಗೆ ಕಳಿಸುವ ದಾರಿಗಳು) ಸದ್ದು ಫಿಲ್ಟರನ್ನು ಮುಟ್ಟದೆಯೇ ಹೋಗುತ್ತದೆ. ‘ಏನೂ ವ್ಯತ್ಯಾಸವೇ ಇಲ್ಲ’ ಅನ್ನಿಸಿದರೆ ಮೊದಲು ಇದನ್ನು ನೋಡಿ.

ಫಿಲ್ಟರ್ ಸರಿ ಮಾಡುವುದು ಮೈಕ್ ಇಟ್ಟ ಜಾಗವನ್ನು, ಪಕ್ಕದ ಕುರ್ಚಿಯನ್ನಲ್ಲ. ಆ ಕೊರತೆ ನೀಗಲು ಮೂಲೆಗಳಲ್ಲಿ ರಾಕ್‌ವೂಲ್ (ಕಲ್ಲುನಾರಿನ ಹಾಸು) ಬೇಕು: 10 ಸೆಂ.ಮೀ. ದಪ್ಪ, ಹಿಂದೆ ಅಷ್ಟೇ ಅಂತರ, ಮೇಲೆ ಗಾಳಿಯಾಡುವ ಬಟ್ಟೆ. ಕತ್ತರಿಸುವಾಗ ಕೈಗವಸು, ಮಾಸ್ಕ್ ಮರೆಯಬೇಡಿ. ಅದು 43ನ್ನು ಮುಟ್ಟುವುದಿಲ್ಲ, ಏಕೆಂದರೆ ಆ ಅಲೆಯ ಕಾಲುಭಾಗವೇ 2 ಮೀಟರ್. ಅದರ ಕೆಲಸ 100ರಿಂದ ಮೇಲಕ್ಕೆ. 2.5 ಸೆಂ.ಮೀ. ಫೋಮ್ ಹಾಳೆ ಬಾಸ್‌ಗೆ ದಂಡ: ಮೇಲಿನ ಸ್ವರಗಳನ್ನಷ್ಟೇ ಹೀರಿ, ಗುಂಯ್ ಎನ್ನುವುದನ್ನು ಹಾಗೇ ಬಿಟ್ಟು, ಕೋಣೆಯನ್ನು ಇನ್ನಷ್ಟು ಮಂಕು ಮಾಡುತ್ತದೆ.