ಮಗಳ ಕಾಲೇಜು ಫೀಸಿಗೆ: ಚೀಟಿಯೋ, ಅಂಚೆ ಕಚೇರಿ ಆರ್‌ಡಿಯೋ?

ಕೋಲಾರದ ಹಳ್ಳಿಗಳಲ್ಲಿ ಹಾಲಿನ ಬಟವಾಡೆ ಕೈಗೆ ಬಂದ ಕೂಡಲೇ ಚೀಟಿ ಕಟ್ಟುವ ತಾಯಂದಿರಿದ್ದಾರೆ. ಸಾಲ ಮಾಡದೆ ಮಕ್ಕಳನ್ನು ಡಿಗ್ರಿ ಓದಿಸಲು ಅವರು ಹಿಡಿದ ದಾರಿ ಅದು. ಅಡ್ಮಿಷನ್ ಹೊತ್ತಿಗೆ ಎಲ್ಲರೂ ಕಟ್ಟಿದ ಹಣವನ್ನು ಹರಾಜಿನಲ್ಲಿ ಕೂಗಿ ಎತ್ತಿಕೊಳ್ಳಬಹುದು ಎನ್ನುವುದೇ ಚೀಟಿಯ ದೊಡ್ಡ ಅನುಕೂಲ. ಆದರೆ ಆಗ ಎಲ್ಲರಿಗೂ ದುಡ್ಡು ಬೇಕು, ಹೆಚ್ಚು ಬಿಟ್ಟುಕೊಟ್ಟವರಿಗೇ ಚೀಟಿ. 1 ಲಕ್ಷದ ಚೀಟಿಯನ್ನು 20 ಸಾವಿರ ಬಿಟ್ಟು ಎತ್ತಿದರೆ ಸಿಗುವುದು 80 ಸಾವಿರ. ಉಳಿದ ಕಂತು ತಪ್ಪುವುದಿಲ್ಲ. ನನ್ನ ಲೆಕ್ಕದಲ್ಲಿ ಅದೂ ಸಾಲವೇ. ನಡೆಸುವವರು 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿ ಮಾಡಿಸಿದ್ದಾರೆಯೇ ಎಂದು ಮೊದಲೇ ಕೇಳಿ. ನೆಂಟರಾದರೂ ಕೇಳಿ.

ಆರ್‌ಡಿ ಎಂದರೆ ತಿಂಗಳು ತಿಂಗಳು ಕಂತು ಕಟ್ಟುವ ಠೇವಣಿ (ರಿಕರಿಂಗ್ ಡೆಪಾಸಿಟ್). ತಿಂಗಳಿಗೆ 100 ರೂಪಾಯಿಯಿಂದ ಶುರು, ಅವಧಿ 5 ವರ್ಷ. ಮಗಳು ಎಂಟನೇ ತರಗತಿಗೆ ಸೇರಿದಾಗ ತೆರೆದರೆ ಪಿಯುಸಿ ಮುಗಿಯುವಾಗ ಕೈಗೆ ಬರುತ್ತದೆ. ತಿಂಗಳಿಗೆ 2,000 ಕಟ್ಟಿದರೆ ಅಸಲೇ 1.2 ಲಕ್ಷ, ಬಡ್ಡಿ ಬೇರೆ. ಹಸು ಬತ್ತಿದ ತಿಂಗಳು ಕಂತು ತಪ್ಪಿದರೆ ನೂರಕ್ಕೆ 1 ರೂಪಾಯಿ ದಂಡ. 3 ವರ್ಷಕ್ಕೆ ಮೊದಲು ಮುಚ್ಚಲು ಬಿಡುವುದಿಲ್ಲ. ಮನೆಯಲ್ಲಿ ದುಡ್ಡು ನಿಲ್ಲದವರಿಗೆ ಅದೇ ಒಳ್ಳೆಯದು.

ಫೀಸಿಗೆ ನಾನು ಆರ್‌ಡಿಯನ್ನೇ ಹೇಳುತ್ತೇನೆ. ಮಗಳಿಗೆ ಇನ್ನೂ 10 ತುಂಬಿಲ್ಲವೇ? ಹಾಗಾದರೆ ಅದೇ ಕೌಂಟರಿನಲ್ಲಿ ಹೆಣ್ಣುಮಕ್ಕಳಿಗೆಂದೇ ಇರುವ ಸರ್ಕಾರದ ಉಳಿತಾಯ ಯೋಜನೆ, ಸುಕನ್ಯಾ ಸಮೃದ್ಧಿ ಖಾತೆಯನ್ನು ವಿಚಾರಿಸಿ.